ನಸುಕಿನಲ್ಲಿ ಬಿಗಿಯುವ ಬೆರಳು, ಹನ್ನೊಂದಕ್ಕೆ ತೆರೆಯುವ ಶಿಬಿರ

ಇನ್ನೂ ನಸುಕು. ಸುರಪುರ ತಾಲ್ಲೂಕಿನ ಆ ಹಳ್ಳಿಯ ನೀರಿನ ಟಾಕಿಯ ಕೆಳಗೆ ಗೊಲ್ಲಾಳಮ್ಮ ಬೋಗುಣಿಯ ಬಿಸಿನೀರಿನಲ್ಲಿ ಎರಡೂ ಕೈ ಅದ್ದಿಕೊಂಡು ಕೂತಿದ್ದಾರೆ. ಬೆರಳುಗಳು ಬಿಗಿದುಕೊಂಡಿವೆ, ಸೆರಗಿನ ಗಂಟು ಬಿಚ್ಚಲೂ ಬಾರವು. ಪಕ್ಕದ ಗುಂಡಿಯೊಳಗೆ ವಾಲ್ವ್ ಇದೆ. ಅದರ ಚಕ್ರ ತಿರುಗಿಸಿದರೆ ಮೂರು ಓಣಿಗೆ ನೀರು. ತಿರುಗಿಸಬೇಕಾದ ಕೈ ಮಾತ್ರ ಇನ್ನೂ ಏಳಲು ಒಪ್ಪುತ್ತಿಲ್ಲ.

ಓಣಿಯಲ್ಲಿ ಆಗಲೇ ಕೊಡಗಳ ಸದ್ದು. ಪಾಳಿಯಲ್ಲಿ ಎಲ್ಲರಿಗಿಂತ ಮುಂದೆ ನೆರೆಮನೆಯ ಚಮನಬೀ. ಗೊಲ್ಲಾಳಮ್ಮನವರಿಗೆ ನಾಲ್ಕು ಮಾತು ಅನ್ನದೆ ಆಕೆಗೆ ಬೆಳಗಾಗುವುದಿಲ್ಲ. ಇವತ್ತೂ ಶುರುವಾಗಿದೆ: ಕೂಲಿಗೆ ಹೋಗುವವರ ಟಂಟಂ ಗಾಡಿ ಬಂದು ನಿಂತಿದೆ, ಮನೆಯಲ್ಲಿ ಹನಿ ನೀರಿಲ್ಲ, ಈ ಮಹಾರಾಣಿ ಕೈ ಕಾಸಿಕೊಳ್ಳುತ್ತ ಕೂತಿದ್ದಾಳೆ. ಗೊಲ್ಲಾಳಮ್ಮ ಗುಂಡಿಗೆ ಬಗ್ಗಿ, ಚಕ್ರದ ಸಂದಿಯಲ್ಲಿ ಮುಂಗೈ ಸಿಕ್ಕಿಸಿ, ಭುಜದ ಭಾರವನ್ನೆಲ್ಲ ಹಾಕಿ ದೂಡುತ್ತಾರೆ. ಮುಖ ಹಿಂಡಿದಂತಾಗುತ್ತದೆ. ಕೊನೆಗೆ ನೀರು ಬರುತ್ತದೆ, ಬೈಗುಳ ನಿಲ್ಲುತ್ತದೆ.

"ಯಾರಿಗಿ ಹೇಳೂದ್ರಿ? ನಸುಕಿನಾಗ ಇವು ನನ್ನ ಕೈ ಅಲ್ಲ. ಬಿಸಲು ಏರಿದ ಮ್ಯಾಲ ನನ್ನ ಕೈ ಆಗ್ತಾವ" ಎನ್ನುತ್ತಾರೆ, ಒದ್ದೆ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ.

ಊರಿನ ಹೆಸರು ಬರೆಯಬೇಡಿ ಎಂದಿದ್ದಾರೆ. ಇರುವ ತಲೆನೋವೇ ಸಾಕಂತೆ. ಪಂಚಾಯಿತಿಯ ವಾಟರ್‌ಮನ್ ಆಗಿದ್ದ ಗಂಡ ಮರಿಲಿಂಗ ತೀರಿಕೊಂಡ ಮೇಲೆ ಆ ಕೆಲಸ ಇವರ ಹೆಗಲಿಗೆ ಬಂತು. ಹೆಣ್ಣುಮಗಳಾದರೂ ಊರಿಗೆಲ್ಲ ಇವರು ವಾಟರ್‌ಮನ್ನೇ. ಬೆಳಗಿನ ನೀರು ಮುಗಿದರೆ ಕರೆಂಟು ಬಂದಾಗ ಬೋರಿನ ಮೋಟರ್ ಹಾಕಬೇಕು, ಒಡೆದ ಪೈಪಿಗೆ ಪಟ್ಟಿ ಕಟ್ಟಬೇಕು, ವಾರಕ್ಕೊಮ್ಮೆ ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಬೇಕು. ಸಂಜೆ ಮತ್ತೆ ಒಂದು ಸುತ್ತು. ಯುಗಾದಿ ಇರಲಿ, ಮೊಹರಂ ಇರಲಿ, ನೀರಿಗೆ ರಜೆ ಎಂಬುದಿಲ್ಲ.

ಆರೇಳು ವರ್ಷಗಳ ಹಿಂದೆ ಬೆರಳ ಗೆಣ್ಣು ಬಾತವು. ಆಮೇಲೆ ಮಣಿಕಟ್ಟು, ಆಮೇಲೆ ಮೊಣಕಾಲು. ಊರವರು ವಾಯು ಎಂದರು, ಬದನೆಕಾಯಿ ಬಿಡು ಎಂದರು. ಬಿಟ್ಟರು. ಬದನೆಕಾಯಿ ಹೋಯಿತೇ ಹೊರತು ನೋವು ಹೋಗಲಿಲ್ಲ. ಕಲಬುರಗಿಯ ಡಾಕ್ಟರು ಪರೀಕ್ಷೆ ಮಾಡಿ ಇದು ಸಂಧಿವಾತ ಎಂದರು. ಪೂರ್ತಿ ಗುಣವಾಗುವ ರೋಗವಲ್ಲ, ಗುಳಿಗೆ ಬಿಡುವಂತಿಲ್ಲ, ಬೆಳಗಿನ ಹೊತ್ತು ಕೀಲುಗಳು ಬಿಗಿಯುತ್ತವೆ, ಹೊತ್ತೇರಿದಂತೆ ಸಡಿಲಾಗುತ್ತವೆ, ಕೈಗೆ ವಿಶ್ರಾಂತಿ ಕೊಡಿ ಎಂದರು. ವಿಶ್ರಾಂತಿಯಂತೆ! ಕೈ ಕೂತರೆ ಹೊಟ್ಟೆ ಏಳುತ್ತದೆ ಎಂಬುದು ಆ ಗುಳಿಗೆ ಚೀಟಿಯಲ್ಲಿ ಎಲ್ಲಿದೆ?

ನೀರು ತಡವಾಗುತ್ತಿದೆ ಎಂದು ಓಣಿಯವರು ಪಂಚಾಯಿತಿಗೆ ದೂರು ಕೊಟ್ಟರು. ಅಭಿವೃದ್ಧಿ ಅಧಿಕಾರಿ ಕರೆಸಿ, ನಿಮ್ಮ ಕೈಲಿ ಆಗುವುದಿಲ್ಲ, ಬೇರೆಯವರನ್ನು ಹಾಕಿಕೊಳ್ಳುತ್ತೇವೆ ಎಂದು ನೇರವಾಗಿಯೇ ಹೇಳಿದರು. ಸರಿಯಪ್ಪ, ಆಗುವುದಿಲ್ಲ ಎಂದು ಸರ್ಕಾರದವರೇ ಹೇಳಿದ ಮೇಲೆ ಅಂಗವಿಕಲರ ಮಾಸಾಶನವಾದರೂ ಸಿಗಬೇಕಲ್ಲ? ಅದಕ್ಕೆ ತಪಾಸಣಾ ಶಿಬಿರದ ಡಾಕ್ಟರು ನೂರಕ್ಕೆ ನಲವತ್ತಾದರೂ ಅಂಗವೈಕಲ್ಯ ಇದೆ ಎನ್ನಬೇಕು. ಶಿಬಿರ ಯಾದಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ.

ಜೊತೆಗೆ ಹೋದವರು ಯಾರು ಗೊತ್ತೇ? ಚಮನಬೀ. ದೂರಿಗೆ ಸಹಿ ಹಾಕಿದವರಲ್ಲಿ ಆಕೆಯೂ ಒಬ್ಬಾಕೆ. ಇದೇನು ತಾಯಿ ಎಂದು ಕೇಳಿದರೆ ಆಕೆಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. "ನಾ ಬೈಯೂದು ನೀರು ತಡ ಆಗಿದ್ದಕ್ಕರೀ. ಆಕಿಗೇನು ಬೈತೀನಿ? ಆಕಿ ಕೈ ನನಗ ಗೊತ್ತಿಲ್ಲೇನು?"

ಶಹಾಪುರ ದಾಟಿ ಭೀಮಾ ಸೇತುವೆ ಬರುವವರೆಗೂ ಬಸ್ಸಿನಲ್ಲಿ ಚಮನಬೀ ಪಾಠ ಮಾಡಿದ್ದೇ ಮಾಡಿದ್ದು. ಡಾಕ್ಟರು ಮುಷ್ಟಿ ಹಿಡಿ ಎಂದರೆ ಪೂರಾ ಹಿಡಿಯಬೇಡ, ಅರ್ಧಕ್ಕೆ ನಿಲ್ಲಿಸು. ಬೆಳಗಿನ ಕೈ ಹೇಗಿರುತ್ತದೋ ಹಾಗೇ ತೋರಿಸು, ಅದೇನು ಸುಳ್ಳಲ್ಲವಲ್ಲ. ಗೊಲ್ಲಾಳಮ್ಮನವರಿಗೂ ಹೌದೆನಿಸಿತ್ತು.

ಪಾಳಿ ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಯಾದಗಿರಿಯ ಬಿಸಿಲು ಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡಿತ್ತು, ಬೆರಳು ಸಡಿಲಾಗಿದ್ದವು. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಊಟದ ಮನೆಯ ಪಕ್ಕ ಕೈತೊಳೆಯುವ ನಲ್ಲಿಯೊಂದು ಸುರಿಯುತ್ತಲೇ ಇತ್ತು. ಬಂದವರು ತೊಳೆದುಕೊಂಡು ಹಾಗೇ ಹೋಗುತ್ತಿದ್ದರು. ಗೊಲ್ಲಾಳಮ್ಮ ಒಮ್ಮೆ ನೋಡಿದರು, ಮುಖ ತಿರುಗಿಸಿದರು, ಮತ್ತೆ ನೋಡಿದರು. ಬೇಡ ಕೂತ್ಕೋ ಎಂದು ಚಮನಬೀ ಸೆರಗು ಹಿಡಿದೆಳೆದರೂ ಎದ್ದೇಬಿಟ್ಟರು. ಎರಡೂ ಕೈಯಲ್ಲಿ ನಲ್ಲಿ ಹಿಡಿದು ಹನಿ ತೊಟ್ಟಿಕ್ಕದಂತೆ ಬಿಗಿಯಾಗಿ ಬಂದ್ ಮಾಡಿ ಹಿಂದೆ ತಿರುಗಿದರೆ, ಊಟ ಮುಗಿಸಿ ಕೈ ತೊಳೆಯಲು ಬಂದ ಡಾಕ್ಟರು ಅಲ್ಲೇ ನಿಂತಿದ್ದಾರೆ!

ಚಮನಬೀ ಹಣೆ ಚಚ್ಚಿಕೊಂಡರು. ಆಮೇಲೆ ಮುಷ್ಟಿ ಅರ್ಧಕ್ಕೆ ನಿಲ್ಲಿಸಿ ಏನು ಮಾಡುವುದು, ತಲೆ? ಡಾಕ್ಟರು ಕೆಟ್ಟವರೇನಲ್ಲ. ಎಕ್ಸ್‌ರೇ ನೋಡಿದರು, ಗೆಣ್ಣು ಸೊಟ್ಟಗಾಗಿರುವುದು ನಿಜ ಎಂದರು. ಆದರೆ ಹಿಡಿತ ಚೆನ್ನಾಗಿದೆಯಲ್ಲಮ್ಮ, ಈಗಷ್ಟೇ ಕಣ್ಣಾರೆ ಕಂಡೆ ಎಂದು ನಕ್ಕರು. ಬೆಳಿಗ್ಗೆ ಹೀಗಿರುವುದಿಲ್ಲ ಸಾಹೇಬರೇ ಎಂದು ಗೊಲ್ಲಾಳಮ್ಮ ಹೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. ಸಿಕ್ಕಿದ್ದು ನೂರಕ್ಕೆ ಮೂವತ್ತು. ಮಾಸಾಶನ ಇಲ್ಲ.

ಈಗ ನೋಡಿ ಇವರ ಪಾಡು. ಪಂಚಾಯಿತಿಯ ಲೆಕ್ಕದಲ್ಲಿ ಕೈಲಾಗದವರು, ಶಿಬಿರದ ಲೆಕ್ಕದಲ್ಲಿ ಕೈ ಗಟ್ಟಿ ಇರುವವರು. ಒಂದೇ ಜೋಡಿ ಕೈಗೆ ಎರಡು ತೀರ್ಪು, ಎರಡೂ ಇವರ ಹೊಟ್ಟೆಯ ಮೇಲೆಯೇ ಬಂದು ಬೀಳುತ್ತವೆ. ಹುಟ್ಟಿನಿಂದ ಬಂದ ಊನವಾದರೆ ಕಣ್ಣಿಗೆ ಕಾಣುತ್ತದೆ. ಹೊತ್ತು ನೋಡಿ ಬಂದು ಹೊತ್ತು ನೋಡಿ ಹೋಗುವ ರೋಗವನ್ನು ನಂಬಿಸುವುದು ಯಾರ ಕೆಲಸ? ಮುಂದಿನ ಶಿಬಿರ ಎಷ್ಟು ಹೊತ್ತಿಗೆ ಎಂದು ಚಮನಬೀ ವಿಚಾರಿಸಿ ಬಂದಿದ್ದಾರೆ. ಮತ್ತೆ ಹನ್ನೊಂದಕ್ಕೇ. ನಸುಕಿನಲ್ಲಿ ನೋಡುವುದಿಲ್ಲವೇ ಎಂದದ್ದಕ್ಕೆ ಅಲ್ಲಿಯ ಗುಮಾಸ್ತ ನಕ್ಕನಂತೆ.

ಗೊಲ್ಲಾಳಮ್ಮ ಕೇಳುವುದು ಆಕಾಶವನ್ನಲ್ಲ. ಬೆಳಗಿನ ಒಂದು ತಾಸು ಚಕ್ರ ತಿರುಗಿಸಲು ಯಾರಾದರೂ ಜೊತೆಗಿದ್ದರೆ ಉಳಿದ ದಿನದ ಕೆಲಸ ತಾವೇ ಮಾಡುತ್ತಾರೆ. ಪಂಚಾಯಿತಿಗೆ ಅದನ್ನೂ ಹೇಳಿ ನೋಡಿದರು. ಒಂದು ತಾಸಿನ ಹುದ್ದೆ ಎಂಬುದು ನಿಯಮದಲ್ಲಿ ಇಲ್ಲವಂತೆ. ಬರುವ ಸೋಮವಾರ ಸಭೆ ಸೇರುತ್ತದೆ, ಇವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಲ್ಲಿ ತೀರ್ಮಾನ. ಬಿಡಿಸಿದರೆ ಮಾಸಾಶನವೂ ಇಲ್ಲ, ಕೆಲಸವೂ ಇಲ್ಲ, ತಿಂಗಳ ಗುಳಿಗೆಯೂ ಇಲ್ಲ.

ಸಭೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದರೆ ಅವರಿಗೂ ರೇಗುತ್ತದೆ.

"ಪಂಚಾಯ್ತಿ ಸಾಹೇಬ್ರು ನನ್ನ ಕೈಲೆ ಆಗಂಗಿಲ್ಲ ಅಂದ್ರು. ಡಾಕ್ಟರ್ ಸಾಹೇಬ್ರು ಆಗ್ತದ ಅಂದ್ರು. ಇಬ್ರೂ ದೊಡ್ಡವ್ರು, ನಾ ಯಾರಿಗಿ ಸುಳ್ಳ ಅನ್ಲಿ? ಇಬ್ರೂ ಒಮ್ಮಿ ಎದುರಾಬದುರಾ ಕುಂತು ಒಂದು ಮಾತಿಗಿ ಬರ್ಲಿರಿ. ಅಲ್ಲೀತನ ಊರಿಗಿ ನೀರು ನಾನ ಬಿಡ್ತೀನಿ."