ಠರಾವಿಗೆ ಗುರುಜಿ ಕೇಳಿದ ಒಂದು ಸಾಲು

ಹೋದ ತಿಂಗಳು ಅವ್ವನ ಪಿಂಚಣಿ ಕೆಲಸಕ್ಕೆಂದು ನಿಪ್ಪಾಣಿಯ ಬ್ಯಾಂಕಿಗೆ ಹೋಗಿದ್ದೆವು. ಅವ್ವನ ಸವೆದ ಹೆಬ್ಬೆರಳನ್ನು ಯಂತ್ರ ಗುರುತು ಹಿಡಿಯಲಿಲ್ಲ. ಮೇಜಿನ ಹಿಂದಿದ್ದ ಹೆಣ್ಣುಮಗಳು ಡ್ರಾವರಿನಿಂದ ಹಳೆಯ ಶಾಯಿ ಪ್ಯಾಡು ತೆಗೆದು ಮುಚ್ಚಳ ಬಿಚ್ಚಿದಳು. ಅರೆ ಒಣಗಿದ ನೇರಳೆ ಶಾಯಿಯ ವಾಸನೆ ಮೂಗಿಗೆ ತಾಗಿದ್ದೇ ನಮ್ಮೂರ ಮಾರುತಿ ಗುಡಿಯ ಕಟ್ಟೆ ಕಣ್ಣ ಮುಂದೆ ಬಂತು. ಅಲ್ಲಿ ಸಾಲುಗಟ್ಟಿ ಹೆಬ್ಬೆಟ್ಟು ಒತ್ತುತ್ತಿದ್ದ ಜನ... ಒತ್ತದೆ ನಿಂತಿದ್ದ ಗುರುಜಿ.

ಗುರುಜಿ ನನಗೆ ಮೂರನೇ ಇಯತ್ತೆಯಲ್ಲಿ ಮರಾಠಿ ಕಲಿಸಿದವರು. ನಮ್ಮದು ಗಡಿಯ ಊರು. ಅಪ್ಪನ ಮಾತು ಮರಾಠಿ, ಐಗಳಿಯಿಂದ ಮದುವೆಯಾಗಿ ಬಂದ ಅವ್ವನ ಮಾತು ಕನ್ನಡ. ಗುರುಜಿ ಎರಡನ್ನೂ ಆಡುತ್ತಿದ್ದರು, ಆದರೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಅವರ ಮನೆ ಇದ್ದದ್ದು ಊರ ಕೆಳಗಿನ ಗಲ್ಲಿಯಲ್ಲಿ. ಮೊದಲು ಅದನ್ನು ಮಹಾರವಾಡ ಎನ್ನುತ್ತಿದ್ದರು; ಅವರ ತಂದೆಯ ಕಾಲಕ್ಕೆ ಗಲ್ಲಿಯವರೆಲ್ಲ ಬೌದ್ಧರಾಗಿದ್ದರು. ಗುರುಜಿ ದಿನಾಲೂ ಮನೆಯಿಂದಲೇ ಒಂದು ತಂಬಿಗೆ ನೀರು ತರುತ್ತಿದ್ದರು. ಶಾಲೆಯ ನೀರಿನ ಗಡಿಗೆ ಮುಟ್ಟುತ್ತಿರಲಿಲ್ಲ. ಮುಟ್ಟಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವನ್ನೇ ಅವರು ಯಾರಿಗೂ ಕೊಟ್ಟಿರಲಿಲ್ಲ.

ಮುಂದೆ ನಾನು ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿಯಾದೆ, ಅವರು ನಿವೃತ್ತರಾದರು. ಅದೇ ಹೊತ್ತಿಗೆ ನಮ್ಮೂರಲ್ಲಿ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಕೂಗು ಮತ್ತೆ ಜೋರಾಯಿತು. ಡೇರಿಯ ಚೇರಮನ್‌ರೇ ಅದರ ಮುಂದಾಳು. ಗುಡಿಯ ಕಟ್ಟೆಯ ಮೇಲೆ ಊರ ಸಭೆ ಕರೆದು ಠರಾವು ಮಾಡುವುದೆಂದಾಯಿತು. ನನ್ನ ಅಕ್ಷರ ಚೆನ್ನಾಗಿದೆ ಎಂದು ಬರೆಯುವ ಕೆಲಸ ನನಗೆ ಬಂತು. 'ಯಾರ ಕೂಡ ಬಾಳಬೇಕು ಎಂಬುದನ್ನು ತೀರ್ಮಾನಿಸುವ ಹಕ್ಕು ಜನರದು' ಎಂದು ಬರೆದಾಗ ನನಗೇ ಮೈ ಜುಮ್ಮೆಂದಿತ್ತು.

ಓದಿ ಹೇಳಿದ ಮೇಲೆ ಗುರುಜಿ ಎದ್ದು ನಿಂತರು.

"ಸಹಿ ಮಾಡ್ತೀನ್ರಿ. ಹೊಲದ ಕಾಗದ, ಉತಾರ ಎಲ್ಲಾ ಕನ್ನಡದಾಗ ಬರ್ತಾವ, ನಮ್ಮ ಮಂದಿಗೆ ಓದಾಕ ಬರೂದಿಲ್ಲ. ಆ ತ್ರಾಸ ನನಗೂ ಐತಿ. ಖರೆ, ಇದರಾಗ ಒಂದು ಸಾಲು ಸೇರಸ್ರಿ."

ಯಾವ ಸಾಲೆಂದು ಚೇರಮನ್‌ರು ಕೇಳಿದರು.

"ಈ ಊರಾಗ ನಮ್ಮನ್ನ ಬಾವಿಗೆ ಬಿಡಲಿಲ್ಲ. ನಮ್ಮಪ್ಪ ನೀರು ಮುಟ್ಟಿದ ಅಂತ ಇದ ಕಟ್ಟಿ ಮುಂದ ಕಂಬಕ್ಕ ಕಟ್ಟಿ ಹೊಡದ್ರು. ಅದು ತಪ್ಪಾತು ಅಂತ ಊರು ಒಪ್ಪಿಕೊಂಡೈತಿ, ಅಷ್ಟ ಬರೀರಿ. ನಮ್ಮ ಗಲ್ಲಿ ಪೂರ್ತಿ ಸಹಿ ಮಾಡ್ತೈತಿ."

ಹೊಡೆದವರಲ್ಲಿ ಚೇರಮನ್‌ರ ಅಜ್ಜನೂ ಇದ್ದ, ನನ್ನ ಅಜ್ಜನೂ ಇದ್ದ. ಅದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು.

"ಗುರುಜಿ, ಇದು ರಾಜ್ಯದ ಮಾತು. ಮನಿ ಮಾತು ಇಲ್ಲಿ ಯಾಕ?" ಎಂದರು ಚೇರಮನ್‌ರು.

"ಮನ್ಯಾಗ ಬಗಿಹರೀಲಾರದ್ದು ರಾಜ್ಯ ಬದಲಿ ಮಾಡಿದ್ರ ಬಗಿಹರೀತೈತೇನ್ರಿ?"

"ಊರಾಗ ಅಷ್ಟು ತ್ರಾಸ ಇದ್ರ ನೀವ ಬ್ಯಾರೆ ಆಗ್ರಿ."

ಹಿಂದಿನಿಂದ ಒಂದಿಬ್ಬರು ನಕ್ಕರು. ಗುರುಜಿ ನನ್ನ ಕಡೆ ನೋಡಿದರು. ಪೆನ್ನು ನನ್ನ ಕೈಯಲ್ಲೇ ಇತ್ತು, ಹಾಳೆಯ ಕೆಳಗೆ ಜಾಗವೂ ಇತ್ತು. ನಾನು ಪೆನ್ನಿಗೆ ಟೊಪ್ಪಿಗೆ ಹಾಕಿದೆ. ಚೇರಮನ್‌ರು ಶಾಯಿ ಪ್ಯಾಡು ಮುಂದಿಟ್ಟು ಜನರನ್ನು ಕರೆದರು.

ನಾಲ್ಕು ದಿನ ಬಿಟ್ಟು ಗುರುಜಿ ಡೇರಿಗೆ ಬಂದರು. ಕೆಳಗಿನ ಗಲ್ಲಿಯನ್ನು ಈ ಊರಿನಿಂದ ಬಿಡಿಸಿ ಬೇರೆ ಗ್ರಾಮ ಮಾಡಿಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಕೊಡುವವರಿದ್ದರು. ಅರ್ಜಿ ಕನ್ನಡದಲ್ಲಿರಬೇಕಿತ್ತು; ನನಗೆ ಕನ್ನಡವೂ ಬರೆಯಲು ಬರುತ್ತಿತ್ತು.

"ನೀ ಬರದು ಕೊಡ್ತಿ ಏನು, ತಮ್ಮಾ?"

"ಚೇರಮನ್‌ರಿಗೆ ಗೊತ್ತಾದ್ರ ನನ್ನ ನೌಕರಿ ಹೋಗ್ತೈತ್ರಿ, ಗುರುಜಿ."

"ಆತು," ಎಂದು ಅವರು ಹೊರಟುಹೋದರು. ಬೇಸರ ತೋರಿಸಲಿಲ್ಲ. ಮಗಳಿಂದ ಒಂದನೇ ಇಯತ್ತೆಯ ಕನ್ನಡ ಪುಸ್ತಕ ತರಿಸಿಕೊಂಡು ಅ ಆ ತಿದ್ದುತ್ತಿದ್ದಾರೆ ಎಂದು ಆಮೇಲೆ ಕೇಳಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಜಿಯನ್ನು ಸ್ವಂತ ಕೈಯಿಂದ ಬರೆದು, ಗಲ್ಲಿಯವರೆಲ್ಲರ ಸಹಿ ಹಾಕಿಸಿ, ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ ಕೊಟ್ಟು ಬಂದರು. ಆಗ ನಮ್ಮ ತಾಲೂಕು ಅದೇ.

ಸುದ್ದಿ ಅವರಿಗಿಂತ ಮೊದಲೇ ಊರು ಸೇರಿತ್ತು. ಮರುದಿನದಿಂದ ಕಿರಾಣಿ ಅಂಗಡಿಯಲ್ಲಿ ಕೆಳಗಿನ ಗಲ್ಲಿಗೆ ಎಣ್ಣೆ ಸಿಗಲಿಲ್ಲ. ಗಿರಣಿಯಲ್ಲಿ ಅವರ ಜೋಳ ಬೀಸಲಿಲ್ಲ. ಕಬ್ಬು ಕಡಿಯಲು, ತಂಬಾಕು ಬಿಡಿಸಲು ಅವರನ್ನು ಕರೆಯಲಿಲ್ಲ. ಬಹಿಷ್ಕಾರ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಚೇರಮನ್‌ರು ನನ್ನನ್ನು ಕರೆದು, "ಆ ಗಲ್ಲಿ ಹಾಲಿನ ಡಿಗ್ರಿ ಬರೂದಿಲ್ಲ, ತಿಳೀತಲಾ?" ಎಂದರು.

ತಿಳಿಯಿತು. ಗುರುಜಿಯ ಮನೆಯಲ್ಲಿ ಒಂದು ಎಮ್ಮೆ ಇತ್ತು. ಮರುದಿನ ಮುಂಜಾನೆ ಅವರು ಕ್ಯಾನು ಹಿಡಿದುಕೊಂಡು ಬಂದು ಸರದಿಯಲ್ಲಿ ನಿಂತರು. ನಾನು ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಕೊಳವೆ ಅದ್ದಿ ನೋಡಿದೆ. ಆ ಹೊತ್ತು ಬಂದ ಹಾಲಿನಲ್ಲೆಲ್ಲ ಅದೇ ಗಟ್ಟಿ ಹಾಲು.

"ಡಿಗ್ರಿ ಬಂದಿಲ್ರಿ," ಎಂದೆ.

ಕ್ಯಾನು ಎತ್ತಿಕೊಂಡು ಹೋದರು. ಮರುದಿನ ಮತ್ತೆ ಬಂದರು. ಅದರ ಮರುದಿನವೂ. ಎಷ್ಟು ದಿನ ಹೀಗೆ ನಡೆಯಿತೋ, ಲೆಕ್ಕ ಇಟ್ಟಿಲ್ಲ... ಅವರು ಸರದಿ ತಪ್ಪಿಸಲಿಲ್ಲ, ದನಿ ಏರಿಸಲಿಲ್ಲ. ಒಂದು ದಿನ ಮಾತ್ರ ಕ್ಯಾನು ಕೆಳಗಿಟ್ಟು ಅಂದರು: "ತಗೊಳ್ಳಾಕ ಬ್ಯಾಡ ತಮ್ಮಾ. ಯಾಕ ತಗೊಳ್ಳಿಲ್ಲ ಅಂತ ಒಂದು ಚೀಟಿ ಬರದು ಕೊಡು." ನಾನು ಅವರ ಹಿಂದೆ ನಿಂತವರ ಕ್ಯಾನಿಗೆ ಕೈ ಚಾಚಿದೆ.

ಕಡೆಗೆ, ಗುರುಜಿ ಕೊಟ್ಟ ಬಹಿಷ್ಕಾರದ ದೂರಿನ ಮೇಲೆ, ಚಿಕ್ಕೋಡಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದ. ಪಂಚಾಯಿತಿಯ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಕೇಳಿದ. ನನ್ನ ಸರದಿ ಬಂದಾಗ ಚೇರಮನ್‌ರು ಬಾಗಿಲಲ್ಲಿದ್ದರು. ಗುರುಜಿ ಗೋಡೆಗೆ ಹಾಕಿದ ಬೆಂಚಿನ ಮೇಲೆ, ನನ್ನಿಂದ ಎರಡು ಮಾರು ದೂರದಲ್ಲಿ ಕೂತಿದ್ದರು.

"ಇವರ ಹಾಲು ಯಾಕ ತಗೊಳ್ಳಿಲ್ಲ?"

"ನೀರು ಬೆರಸ್ತಾರ್ರಿ, ಸಾಹೇಬ್ರ."

ಡಿಗ್ರಿ ಬಂದಿಲ್ಲ ಎಂದಿದ್ದರೆ ಸಾಕಿತ್ತು. ಚೇರಮನ್‌ರೂ ಅಷ್ಟನ್ನೇ ಹೇಳು ಎಂದಿದ್ದರು ನನಗೆ. ನೀರಿನ ಮಾತು ನನ್ನ ಬಾಯಿಂದ ಯಾಕೆ ಬಂತೋ ಇವತ್ತಿಗೂ ತಿಳಿಯುವುದಿಲ್ಲ... ಗುರುಜಿ ತಲೆ ತಗ್ಗಿಸಿದರು. ಅಷ್ಟು ದಿನಗಳಲ್ಲಿ ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಹೇಳಿಕೆಗೆ ನಾನು ಸಹಿ ಮಾಡಿದೆ. ಬಹಿಷ್ಕಾರಕ್ಕೆ ಪುರಾವೆ ಇಲ್ಲವೆಂದು ಅಧಿಕಾರಿ ಬರೆದುಕೊಂಡು ಹೋದ.

ಗುರುಜಿ ಎಮ್ಮೆ ಮಾರಿದರು. ಸುಗ್ಗಿ ಬಂದು ಕೂಲಿಯಾಳು ಸಾಲದೆ ಹೋದಾಗ ಕೆಳಗಿನ ಗಲ್ಲಿಯವರನ್ನು ಊರು ಮತ್ತೆ ಹೊಲಕ್ಕೆ ಕರೆಯಿತು. ಅಂಗಡಿ, ಗಿರಣಿ, ಡೇರಿ ಒಂದೊಂದಾಗಿ ತೆರೆದವು. ಏನೂ ನಡೆದೇ ಇಲ್ಲ ಎನ್ನುವ ಹಾಗೆ ನಾವೆಲ್ಲ ಇದ್ದುಬಿಟ್ಟೆವು. ಬೇರೆ ಗ್ರಾಮದ ಅರ್ಜಿಗೆ ಉತ್ತರ ಬರಲಿಲ್ಲ. ಊರಿನ ಠರಾವಿಗೂ ಬರಲಿಲ್ಲ. ಎರಡು ವರ್ಷಕ್ಕೆ ಗುರುಜಿ ತೀರಿಕೊಂಡರು. ಮಣ್ಣಿಗೆ ಊರಿನಿಂದ ಯಾರೂ ಹೋಗಲಿಲ್ಲ. ನಾನು ಡೇರಿಯ ಕಿಟಕಿಯಿಂದ ನೋಡಿದೆ.

ಬ್ಯಾಂಕಿನಿಂದ ಬಂದ ಮರುದಿನ ನಾನು ಕೆಳಗಿನ ಗಲ್ಲಿಗೆ ಹೋದೆ. ಇದೇ ಊರಲ್ಲಿ ಹುಟ್ಟಿ ತಲೆಗೂದಲು ಬೆಳ್ಳಗಾದ ಮೇಲೆ ಆ ಗಲ್ಲಿಯ ಮನೆಯೊಂದರ ಹೊಸ್ತಿಲು ದಾಟಿದ್ದು ಅದೇ ಮೊದಲು. ಗುರುಜಿಯ ಮಗಳು ಒಬ್ಬಳೇ ಇದ್ದಳು. ಈಗ ಅವಳೂ ಶಿಕ್ಷಕಿ, ರಾಯಬಾಗ ಕಡೆಯ ಒಂದು ಕನ್ನಡ ಶಾಲೆಯಲ್ಲಿ. ಕುರ್ಚಿ ಹಾಕಿ ಕೂರಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಅಜ್ಜನ ವಿಷಯ, ಹಾಲಿನ ವಿಷಯ, ಅಧಿಕಾರಿಯ ಮುಂದೆ ಆಡಿದ ಸುಳ್ಳು.

"ನಿಮ್ಮಪ್ಪ ನನ್ನ ಬಗ್ಗೆ ಏನರ ಅಂದಿದ್ರೇನವ್ವಾ?" ಎಂದು ಕಡೆಗೆ ಕೇಳಿದೆ.

"ಇಲ್ರಿ. ನಿಮ್ಮ ಹೆಸರ ಎತ್ತಲಿಲ್ಲ ಅವರು."

ಹೊರಗೆ ಯಾರೋ ಅವಳನ್ನು ಕರೆದರು. ಅವಳು ಬಾಗಿಲ ತನಕ ಹೋಗಿ, ಬಂದೆ ಎಂದು ಹೇಳಿ, ತಿರುಗಿ ನನ್ನನ್ನು ನೋಡಿದಳು.

"ಇದನ್ನ ಅವರು ಇದ್ದಾಗ ಹೇಳಬೇಕಿತ್ರಿ," ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ನಾನು ಹೌದೆಂದು ಎದ್ದೆ.