ಅಣ್ಣನ ಬಾವಿ, ತಂಗಿಯ ನಲ್ಲಿ

ಮಾರ್ಲಿಸ್ ನನ್ನ ಸಹಪಾಠಿ. ಆ ಕಾಲದಲ್ಲಿ ನಮ್ಮ ತರಗತಿಯಲ್ಲಿ ಜೋರಾಗಿ ನಗುತ್ತಿದ್ದವಳು ಅವಳೊಬ್ಬಳೇ. ಉತ್ತರ ಡಕೋಟದ ನಮ್ಮ ಕಡೆಯ ಜನ ನಕ್ಕರೂ ಬಾಯಿ ಮುಚ್ಚಿಕೊಂಡು ನಗುವವರು. ಅವಳ ನಗು ಮಾತ್ರ ಶಾಲೆಯ ಇನ್ನೊಂದು ತುದಿಗೆ ಕೇಳುತ್ತಿತ್ತು. ಮುಂದೆ ಅದೇ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ, ನಮ್ಮ ಮಕ್ಕಳಿಗೂ ಆಮೇಲೆ ಅವರ ಮಕ್ಕಳಿಗೂ ಬಡಿಸಿದಳು. ತಟ್ಟೆಯಲ್ಲಿ ಬಟಾಣಿ ಬಿಟ್ಟವರ ಬೆನ್ನಿಗೆ ಸೌಟು ತೋರಿಸುತ್ತಿದ್ದಳಂತೆ.

ಗಂಡ ಡ್ವೇನ್ ಧಾನ್ಯದ ಗೋದಾಮುಗಳಲ್ಲಿ ಮೋಟರು ರಿಪೇರಿ ಮಾಡುತ್ತಿದ್ದ. ಮಕ್ಕಳಿರಲಿಲ್ಲ. ಇಬ್ಬರೂ ಕೆಲಸ ಬಿಟ್ಟ ವರ್ಷ ಊರಿನ ಮನೆ ಮಾರಿ ಒಂದು ಹಳೆಯ ಮೋಟರ್‌ಹೋಮ್ ಕೊಂಡರು. ಬಸ್ಸಿನಷ್ಟುದ್ದದ ಗಾಡಿ, ಒಳಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲ ಇತ್ತು. "ಹಿಮ ಕೆರೆಯೋ ಸಲಿಕೆನ ಮಾರ್ಬಿಟ್ಟೆ ಕಣೋ" ಎಂದು ಡ್ವೇನ್ ನನ್ನೆದುರು ಜಂಬ ಕೊಚ್ಚಿಕೊಂಡ. ಒಂದು ಚಳಿಗಾಲ ಅರಿಜೋನಾದ ಬಿಸಿಲಿನಲ್ಲಿ ಕಳೆದು ಬಂದರು. ಎರಡನೆಯದು ಅವನಿಗೆ ದಕ್ಕಲಿಲ್ಲ. ಆಗಸ್ಟ್‌ನಲ್ಲಿ ಗಾಡಿಯ ಚಕ್ರ ಬಿಚ್ಚುತ್ತಿದ್ದವನು ಹಾಗೇ ಪಕ್ಕಕ್ಕೆ ಒರಗಿದ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಏನೂ ಉಳಿದಿರಲಿಲ್ಲ.

ಮಣ್ಣು ಮಾಡಿದ ದಿನ ಆಕಾಶದ ಪಡುವಣ ಅಂಚಿನಲ್ಲಿ ಮೋಡ ಕಟ್ಟಿತ್ತು. ಗೋಧಿ ಕೊಯ್ಲಿನ ಕಾಲ. ಮಾರ್ಲಿಸ್‌ಳ ಅಣ್ಣ ಓರಿನ್ ಹೆಗ್‌ಸ್ಟಾಡ್ ಇಗರ್ಜಿಗೆ ಬರಲಿಲ್ಲ. ಸ್ಮಶಾನದಲ್ಲಿ ನಿಂತರೆ ಅವನ ಹೊಲದಿಂದ ಏಳುತ್ತಿದ್ದ ಕೊಯ್ಲು ಯಂತ್ರದ ಧೂಳು ಕಾಣುತ್ತಿತ್ತು. ಪಾದ್ರಿ ಓದುತ್ತಿದ್ದಷ್ಟು ಹೊತ್ತೂ ಅವಳು ಆ ಧೂಳನ್ನೇ ನೋಡುತ್ತಿದ್ದಳು. ಸಂಜೆ ಆಲಿಕಲ್ಲು ಬಿತ್ತು, ಕೊಯ್ಯದವರ ಬೆಳೆಯೆಲ್ಲ ಮಲಗಿತು. ಓರಿನ್‌ನ ಗೋಧಿ ಉಳಿಯಿತು, ತಂಗಿಯ ನಂಟು ಉಳಿಯಲಿಲ್ಲ.

ಆದರೂ ಅವಳು ಹೋಗಿ ನಿಂತದ್ದು ಅವನ ಅಂಗಳದಲ್ಲೇ. ಆಗ ಅವರ ತಾಯಿ ಬದುಕಿದ್ದಳು. ಹಾಸಿಗೆ ಹಿಡಿದಿದ್ದ ಮುದುಕಿ ಮಗಳಿಗೆ ಹೇಳಿ ಕಳಿಸಿದಳು: "ಗಾಡಿ ಇಲ್ಲಿಗೇ ತಾ. ನಿನ್ನ ಅಣ್ಣನ ಕೈಯಲ್ಲಿ ಸ್ನಾನ ಮಾಡಿಸ್ಕೊಳ್ಳೋಕೆ ನನಗೆ ನಾಚಿಕೆ." ಗಾಳಿಗೆ ಅಡ್ಡವಾಗಿ ನೆಟ್ಟ ಮರಗಳ ಸಾಲಿನ ಮರೆಯಲ್ಲಿ ಮಾರ್ಲಿಸ್ ಗಾಡಿ ನಿಲ್ಲಿಸಿದಳು. ಓರಿನ್ ದನದ ಕೊಟ್ಟಿಗೆಗೆ ಹೋದಾಗ ಮನೆಯೊಳಗೆ ಹೋಗಿ ತಾಯಿಯ ಸೇವೆ ಮಾಡುತ್ತಿದ್ದಳು, ಅವನ ಬೂಟಿನ ಸದ್ದು ಕೇಳಿದರೆ ಹಿಂಬಾಗಿಲಿನಿಂದ ಹೊರಡುತ್ತಿದ್ದಳು. ಮರುವರ್ಷ ತಾಯಿ ತೀರಿಕೊಂಡಳು. ಆ ಹೊತ್ತಿಗೆ ಗಾಡಿಯ ಚಕ್ರಗಳು ಮಣ್ಣಿನಲ್ಲಿ ಹೂತಿದ್ದವು, ಎಂಜಿನ್ ಕೂಗುವುದನ್ನು ಮರೆತಿತ್ತು. "ಮನೆಯಲ್ಲಿ ಕೋಣೆ ಖಾಲಿ ಇದೆ" ಎಂದು ಓರಿನ್ ಒಮ್ಮೆ ಅಂದನಂತೆ. "ನನಗೆ ನನ್ನ ಮನೆ ಇದೆ" ಎಂದಳಂತೆ ಇವಳು. ಅಲ್ಲಿಂದಾಚೆ ಒಂದೇ ಅಂಗಳದಲ್ಲಿ ಅಣ್ಣ ತಂಗಿ ಎಣ್ಣೆ ಸೀಗೆಕಾಯಿ.

ಇಬ್ಬರ ನಡುವೆ ಉಳಿದದ್ದು ಒಂದು ನೀರಿನ ಕೊಳವೆ. ಓರಿನ್‌ನ ಬಾವಿಯ ಪಂಪು ಒಂದು ಆಳದ ಗುಂಡಿಯಲ್ಲಿತ್ತು, ಮೇಲೆ ಹಲಗೆಯ ಪುಟ್ಟ ಗುಡಿಸಲು. ಅಲ್ಲಿಂದ ನೆಲದೊಳಗಿನ ಪೈಪು ಅಂಗಳದ ನಲ್ಲಿಗೆ. ಎತ್ತಿದರೆ ನೀರು ಬರುವ ಕಬ್ಬಿಣದ ಹಿಡಿಕೆ ಅದಕ್ಕೆ. ಆ ನಲ್ಲಿಯಿಂದ ಮಾರ್ಲಿಸ್‌ಳ ಗಾಡಿಗೆ ರಬ್ಬರಿನ ಪೈಪು.

ನಾನು ಗ್ಯಾಸ್ ಲಾರಿ ಓಡಿಸುವವನು. ಚಳಿಗಾಲದಲ್ಲಿ ಇಬ್ಬರ ಒಲೆಯ ಗ್ಯಾಸ್ ಟ್ಯಾಂಕನ್ನೂ ತುಂಬಿಸಲು ಹೋಗುತ್ತಿದ್ದೆ. ಅಕ್ಟೋಬರ್ ಬಂತೆಂದರೆ ಮಾರ್ಲಿಸ್ ಗಾಡಿಯ ಸುತ್ತ ಹುಲ್ಲಿನ ಹೊರೆಗಳನ್ನು ಜೋಡಿಸಿ, ಕೆಳಗಡೆಗೆ ಗಾಳಿ ನುಗ್ಗದಂತೆ ಕಟ್ಟುತ್ತಿದ್ದಳು. ಪೈಪಿಗೆ ಬಿಸಿಯಾಗುವ ಕರೆಂಟಿನ ತಂತಿ ಸುತ್ತಿ, ಮೇಲೆ ಸ್ಪಂಜು ಹೊದಿಸಿ, ಅದರ ಮೇಲೆ ಟೇಪು. ನೀರಿನ ಟ್ಯಾಂಕಿನ ಪಕ್ಕ ಸದಾ ಉರಿಯುವ ಒಂದು ಬಲ್ಬು. ಒಳಗೆ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಬೀರುವಿನ ಬಾಗಿಲುಗಳನ್ನು ತೆರೆದೇ ಇಡುತ್ತಿದ್ದಳು, ಒಲೆಯ ಶಾಖ ಪೈಪಿಗೂ ತಾಗಲಿ ಎಂದು. ಬಚ್ಚಲ ನೀರನ್ನು ಹರಿಯಲು ಬಿಡದೆ ಕಟ್ಟಿಟ್ಟುಕೊಂಡು, ತುಂಬಿದ ಮೇಲೆ ಒಮ್ಮೆಗೇ ಬಿಡಬೇಕು. ತೊಟ್ಟಿಕ್ಕಿದರೆ ಪೈಪಿನೊಳಗೇ ಕಲ್ಲಾಗುತ್ತದೆ. ಕುಡಿಯುವ ನೀರಿನದು ಉಲ್ಟಾ, ಅದು ನಿಲ್ಲಬಾರದು. ಚಳಿ ಬಿಗಿಯಾದರೆ ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು ಮಲಗುತ್ತಿದ್ದಳು.

"ಇದು ಅರಿಜೋನಾದಲ್ಲಿ ಬಿಸಿಲು ಕಾಯೋಕೆ ಮಾಡಿದ ಗಾಡಿ ಕಣೇ, ಡಕೋಟದ ಜನವರಿಗಲ್ಲ" ಎಂದು ನಾನು ಒಮ್ಮೆ ಅಂದೆ.

"ಮೆಲ್ಲಗೆ ಹೇಳು ಮಾರಾಯ, ಗಾಡಿಗೆ ಇನ್ನೂ ಗೊತ್ತಿಲ್ಲ" ಎಂದಳು.

ನಗಲಿಲ್ಲ. ಆ ಹಳೆಯ ನಗು ಡ್ವೇನ್ ಜೊತೆಗೇ ಹೋಗಿತ್ತು.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ಜನವರಿಯಲ್ಲಿ ಕೆನಡಾ ಕಡೆಯಿಂದ ಚಳಿ ಇಳಿಯಿತು. ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಚಳಿ, ಅದರ ಮೇಲೆ ನಿಲ್ಲದ ಗಾಳಿ. ನಾನು ಓರಿನ್‌ನ ಟ್ಯಾಂಕು ತುಂಬಿಸುತ್ತಿದ್ದಾಗ ಅವನು ಕೊಟ್ಟಿಗೆಯಿಂದ ಬಂದ.

"ಅವಳಿಗೆ ಹೇಳು. ಹಗಲೂ ರಾತ್ರಿ ನಲ್ಲಿ ಬಿಟ್ಕೊಂಡು ಕೂತಿದಾಳೆ. ಪಂಪು ಹತ್ತೋದು ಆರೋದು, ಹತ್ತೋದು ಆರೋದು. ಅದರ ಸ್ವಿಚ್ಚು ಸುಟ್ಟು ಹೋಗುತ್ತೆ."

"ಇಲ್ಲೇ ಇದಾಳಲ್ಲೋ, ನೀನೇ ಹೇಳು."

"ನನ್ನ ಮಾತು ಅವಳ ಕಿವಿಗೆ ಹೋಗಲ್ಲ."

ನಾನು ಹೋಗಿ ಹೇಳಿದೆ. ಮಾರ್ಲಿಸ್ ಆಲೂಗಡ್ಡೆ ಸುಲಿಯುತ್ತಿದ್ದಳು. "ಬೇಕಿದ್ರೆ ನಿಲ್ಲಿಸ್ಲಿ. ಬಾವಿ ಅವನ ಅಪ್ಪಂದೋ, ನಮ್ಮಪ್ಪಂದೋ?" ಎಂದಳು.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ದಾರದಂತೆ ಬೀಳುತ್ತಿದ್ದ ನೀರು ನಿಂತಿತ್ತು.

ಅವಳು ಮೊದಲು ತನ್ನದೇ ತಪ್ಪಿರಬೇಕೆಂದು ಹುಡುಕಿದಳು. ಬಲ್ಬು ಉರಿಯುತ್ತಿತ್ತು. ಹೊರಗೆ ಹೋಗಿ, ಕೈಗವಸು ಬಿಚ್ಚಿ ಪೈಪನ್ನು ಉದ್ದಕ್ಕೂ ಮುಟ್ಟಿ ನೋಡಿದಳು, ತಂತಿ ಬೆಚ್ಚಗಿತ್ತು. ನಲ್ಲಿಯ ಬಳಿ ಪೈಪು ಕಳಚಿದರೆ ಒಳಗೆ ಮಂಜುಗಡ್ಡೆಯಿಲ್ಲ, ಉಳಿದಿದ್ದ ನೀರು ಸುರಿಯಿತು. ಕಬ್ಬಿಣದ ಹಿಡಿಕೆಯನ್ನು ಇಳಿಸಿ ಮತ್ತೆ ಎತ್ತಿದಳು. ಏನೂ ಬರಲಿಲ್ಲ. ಇನ್ನೊಮ್ಮೆ ಬಲವಾಗಿ ಎತ್ತಿ ಬಡಿದಳು. ಗಾಳಿ ಬೀಸುತ್ತಿತ್ತು, ಪಂಪಿನ ಗುಡಿಸಲಿನ ಬಾಗಿಲು ಮುಚ್ಚಿತ್ತು, ಅಂಗಳದಲ್ಲಿ ಯಾರೂ ಇರಲಿಲ್ಲ.

ಆಗ ಅವಳಿಗೆ ಅರ್ಥವಾಯಿತು, ಅಂದರೆ ಅರ್ಥವಾಯಿತು ಅಂದುಕೊಂಡಳು. ಅಣ್ಣ ಹೇಳಿ ಕಳಿಸಿದ್ದ, ಈಗ ಮಾಡಿ ತೋರಿಸಿದ.

ಬಾಗಿಲು ತಟ್ಟಿ ಕೇಳಬಹುದಿತ್ತು. ಮನೆಗೂ ಗಾಡಿಗೂ ನಡುವೆ ಕೂಗಳತೆಯೂ ಇಲ್ಲ. ಅವಳು ಕೇಳಲಿಲ್ಲ. ಬದಲಿಗೆ, ನಿಂತ ನೀರು ಹೆಪ್ಪುಗಟ್ಟಿ ಪೈಪು ಒಡೆಯದಿರಲಿ ಎಂದು, ಇಡೀ ದಿನ ಗಾಡಿಯ ನೀರನ್ನೆಲ್ಲ ಖಾಲಿ ಮಾಡಲು ಕುಳಿತಳು. ನೀರು ಕಾಯಿಸುವ ಹಂಡೆಯನ್ನು ಬರಿದು ಮಾಡಿದಳು, ಟ್ಯಾಂಕನ್ನು ಬರಿದು ಮಾಡಿದಳು. ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವದ ಕ್ಯಾನುಗಳು ಅವಳ ಹತ್ತಿರ ಇದ್ದವು. ಅದನ್ನು ಗಾಡಿಯೊಳಗಿನ ಪುಟ್ಟ ಪಂಪಿಗೆ ಕೊಟ್ಟು, ಅಡುಗೆಯ ನಲ್ಲಿ, ಕೈತೊಳೆಯುವ ನಲ್ಲಿ, ಸ್ನಾನದ ನಲ್ಲಿ, ಒಂದೊಂದನ್ನೂ ತೆರೆದು ಗುಲಾಬಿ ಬಣ್ಣ ಬರುವವರೆಗೆ ಬಿಟ್ಟಳು. ಡ್ವೇನ್ ಕಲಿಸಿದ್ದ ಕೆಲಸ. ಪ್ರತಿ ನಲ್ಲಿ ಮುಚ್ಚುವಾಗಲೂ ಅಣ್ಣನಿಗೆ ಒಂದೊಂದು ಮಾತು ಹೇಳಿದ್ದಳಂತೆ. "ಎಂಥೆಂಥ ಮಾತು ಅಂತ ಕೇಳ್ಬೇಡ" ಎಂದು ಆಮೇಲೆ ನನಗೆ ಅಂದಳು. ಸಂಜೆ ಓರಿನ್‌ನ ಅಡುಗೆಮನೆಯಲ್ಲಿ ದೀಪ ಕಾಣಲಿಲ್ಲ. ಅವನಿಗೆ ನಿದ್ದೆ ಚೆನ್ನಾಗಿ ಬಂದಿರಬೇಕು ಎಂದುಕೊಂಡು ಪರದೆ ಎಳೆದಳು.

ಮರುಬೆಳಗ್ಗೆ ದನಗಳ ಕೂಗು ಅವಳನ್ನು ಎಬ್ಬಿಸಿತು. ಹಸಿದ ದನದ ಕೂಗು ಬೇರೆ, ಬಾಯಾರಿದ ದನದ ಕೂಗು ಬೇರೆ. ಹೊಲದಲ್ಲಿ ಹುಟ್ಟಿದವಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ತಂಗಿಗೆ ನೀರು ನಿಲ್ಲಿಸಿಯಾನು, ದನಕ್ಕೆ ನಿಲ್ಲಿಸುವವನಲ್ಲ ಓರಿನ್. ಕೋಟು ಹಾಕಿಕೊಂಡು ಓಡಿದಳು. ಮನೆಯ ಬಾಗಿಲಿಗೆ ಬೀಗವಿರಲಿಲ್ಲ, ಒಳಗೆ ಒಲೆ ತಣ್ಣಗಿತ್ತು. ಕೊಟ್ಟಿಗೆಯಲ್ಲಿಲ್ಲ. ಗುಡಿಸಲಿನ ಬಾಗಿಲನ್ನು ಹಿಮದಿಂದ ಕಿತ್ತು ತೆಗೆದಳು. ಗುಂಡಿಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು.

"ಓರಿನ್?"

ಕೆಳಗಿನ ಕತ್ತಲಲ್ಲಿ ಏನೋ ಅಲ್ಲಾಡಿತು. "ಯಾರದು?"

"ನಾನು."

"ಕಂಬದ ಹತ್ರ ಪಂಪಿನ ಕರೆಂಟ್ ಹಾಕು. ದನಕ್ಕೆ ನೀರಿಲ್ಲ" ಎಂದ.

ವರ್ಷಗಳ ಮೇಲೆ ಅಣ್ಣ ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಅವಳು ತನ್ನ ಕೋಟನ್ನು ಬಿಚ್ಚಿ ಕೆಳಕ್ಕೆ ಎಸೆದಳು, ಗಾಡಿಯ ಕಂಬಳಿಗಳನ್ನೆಲ್ಲ ತಂದು ಎಸೆದಳು, ಫೋನು ಮಾಡಿದಳು. ನಮ್ಮೂರಲ್ಲಿ ಬೆಂಕಿ ಆರಿಸುವವರೂ ಆಂಬುಲೆನ್ಸಿನವರೂ ನಮ್ಮಂಥ ಊರವರೇ. ಹಗ್ಗ ಹಿಡಿದವರಲ್ಲಿ ನಾನೂ ಒಬ್ಬ. ಆಗಿದ್ದೇನೆಂದರೆ, ಹಿಂದಿನ ದಿನ ಬೆಳಗ್ಗೆ ಓರಿನ್ ಸುಟ್ಟ ಸ್ವಿಚ್ಚನ್ನು ಬದಲಿಸಲು ಪಂಪಿನ ಕರೆಂಟು ತೆಗೆದು ಗುಂಡಿಗೆ ಇಳಿದಿದ್ದ. ಏಣಿಯ ಮೆಟ್ಟಿಲಿಗೆ ಮಂಜುಗಡ್ಡೆ ಕಟ್ಟಿತ್ತು. ಸ್ವಿಚ್ಚು ಬದಲಿಸಿ ಹತ್ತುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಗಾಳಿ ಮೇಲಿನ ಬಾಗಿಲನ್ನು ಬಡಿದು ಹಾಕಿತು. ಗುಂಡಿಯನ್ನು ಬೆಚ್ಚಗಿಡುತ್ತಿದ್ದ ದೀಪವೂ ಅದೇ ಕರೆಂಟಿನದು. ನೆಲದ ಆಳದ ಶಾಖ ಇಲ್ಲದಿದ್ದರೆ ಅವನು ಆ ದಿನವನ್ನೂ ದಾಟುತ್ತಿರಲಿಲ್ಲ.

ಚಳಿಗೆ ಸತ್ತುಹೋಗಿದ್ದ ಕಾಲ್ಬೆರಳುಗಳನ್ನು ಕತ್ತರಿಸಿದರು. ಸೊಂಟಕ್ಕೆ ಕಬ್ಬಿಣ ಹಾಕಿದರು. ಮಾರ್ಲಿಸ್ ದಿನವೂ ಬೆಳಗ್ಗೆ ದನಗಳಿಗೆ ಮೇವು ನೀರು ಕೊಟ್ಟು, ಹಿಮದ ರಸ್ತೆಯಲ್ಲಿ ಅಣ್ಣನ ಪಿಕಪ್ ಓಡಿಸಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಓರಿನ್ ಚಾವಣಿ ನೋಡುತ್ತಾ ಮಲಗಿದ್ದ.

"ನೀನು ಹಿಡಿಕೆ ಎತ್ತಿದ್ದು ಕೇಳ್ತು" ಎಂದ. "ಪೈಪಿನಲ್ಲಿ ಸದ್ದು ಕೆಳಗೆ ಬಂತು. ಎರಡು ಸಲ. ಕೂಗ್ದೆ."

ಮಾರ್ಲಿಸ್ ಅವನ ಹೊದಿಕೆಯ ಅಂಚನ್ನು ಮಡಿಸುತ್ತಿದ್ದಳು. "ಕೇಳ್ಲಿಲ್ಲ."

"ಗಾಳಿ ಇತ್ತಲ್ಲ."

"ಹೂಂ. ಗಾಳಿ ಇತ್ತು."

ಅಷ್ಟಕ್ಕೇ ಬಿಡಬಹುದಿತ್ತು, ಓರಿನ್ ಅಷ್ಟಕ್ಕೇ ಬಿಡಲಿ ಅಂತಲೇ ಗಾಳಿಯ ಮಾತು ತೆಗೆದಿದ್ದ ಎಂದು ನನಗೆ ಈಗಲೂ ಅನಿಸುತ್ತದೆ. ಅವಳು ಬಿಡಲಿಲ್ಲ. "ನೀನೇ ಬೇಕಂತ ನಿಲ್ಲಿಸಿದೀಯ ಅಂದ್ಕೊಂಡೆ ಕಣೋ. ಅದಕ್ಕೇ ಬರ್ಲಿಲ್ಲ. ಇಡೀ ದಿನ ನಿನ್ನ ಬೈಕೊಂಡು ಗಾಡಿಯ ನೀರು ಖಾಲಿ ಮಾಡ್ತಾ ಕೂತಿದ್ದೆ."

"ಹಾಗೆ ಅಂದ್ಕೊಳ್ಳೋ ಥರಾನೇ ಇದ್ದೆ ನಾನು" ಎಂದ ಅವನು. ಆಮೇಲೆ, "ಡ್ವೇನ್‌ನ ಮಣ್ಣಿನ ದಿನ ಆ ಯಂತ್ರ ನಿಲ್ಲಿಸಿ ಬರಬೇಕಿತ್ತು. ಮೋಡ ನೋಡಿ ಹೆದರಿಬಿಟ್ಟೆ."

ನಾನು ಕಾಫಿ ತರುವ ನೆಪದಲ್ಲಿ ಹೊರಗೆ ಬಂದೆ. ತಿರುಗಿ ಹೋದಾಗ ಅವಳು ಅವನಿಗೆ ಚಮಚದಲ್ಲಿ ಸೂಪು ಕುಡಿಸುತ್ತಿದ್ದಳು, ಅವನು ಉಪ್ಪಿಲ್ಲ ಎಂದು ಗೊಣಗುತ್ತಿದ್ದ. "ಶಾಲೆ ಮಕ್ಕಳೂ ಇಷ್ಟು ರಗಳೆ ಮಾಡ್ತಿರಲಿಲ್ಲ" ಎಂದು ಅವಳು ಗದರಿದಳು.

ಹೆಚ್ಚು ದಿನ ಸಿಗಲಿಲ್ಲ ಅವರಿಗೆ. ಎದೆಯಲ್ಲಿ ಕಫ ಕಟ್ಟಿ, ಅದು ಇಳಿಯದೆ, ಮಾರ್ಚ್‌ನಲ್ಲಿ ಓರಿನ್ ತೀರಿಕೊಂಡ. ಮಣ್ಣು ಇನ್ನೂ ಕಲ್ಲಾಗಿತ್ತು. ಗುಂಡಿ ತೋಡುವಂತಾಗುವವರೆಗೆ ಪೆಟ್ಟಿಗೆಯನ್ನು ಊರಿನ ಶವದ ಕೋಣೆಯಲ್ಲಿ ಇಟ್ಟರು. ಏಪ್ರಿಲ್‌ನಲ್ಲಿ ತಾಯಿಯ ಪಕ್ಕ ಹೂಳಿದಾಗ ಬಂದವರು ಕೆಲವೇ ಜನ. ಬಿತ್ತನೆಗೆ ಟ್ರ್ಯಾಕ್ಟರು ರಿಪೇರಿ ಮಾಡುವ ಕಾಲ. ಬಾರದವರ ಹೆಸರನ್ನು ಮಾರ್ಲಿಸ್ ಎತ್ತಲಿಲ್ಲ.

ದನಗಳನ್ನು ಮಾರಿದಳು. ಹೊಲವನ್ನು ಪಕ್ಕದವರು ಗುತ್ತಿಗೆಗೆ ತೆಗೆದುಕೊಂಡರು. ಈಗಲಾದರೂ ಮನೆಯೊಳಗೆ ಹೋಗಿ ಇರುತ್ತಾಳೆ ಎಂದು ಊರೆಲ್ಲ ಅಂದುಕೊಂಡಿತ್ತು. ಅವಳು ಹೋಗಲಿಲ್ಲ. ನಾನು ಕೇಳಿದ್ದಕ್ಕೆ, "ಅವನು ಕರೆದಾಗ ಹೋಗ್ಲಿಲ್ಲ, ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದಳು. ಮನೆ ಖಾಲಿ ಬಿದ್ದಿದೆ. ಗಾಡಿಯಲ್ಲಿ ನೀರು ಮತ್ತೆ ಓಡುತ್ತಿದೆ.

ಈಗ ಬಾವಿಯ ಗುಂಡಿಗೆ ಇಳಿಯುವವಳು ಅವಳೇ. ಚಳಿ ಬಿಗಿದ ದಿನಗಳಲ್ಲಿ ದೀಪ ಆರಿದೆಯೋ ಇಲ್ಲವೋ ಎಂದು ನೋಡಲೇಬೇಕು. ಇಳಿಯುವ ಮೊದಲು ನಮ್ಮ ಮನೆಗೆ ಫೋನು ಮಾಡುತ್ತಾಳೆ. ನನ್ನ ಹೆಂಡತಿ ಎತ್ತುತ್ತಾಳೆ.

"ಇಳೀತಿದೀನಿ" ಎನ್ನುತ್ತಾಳೆ ಮಾರ್ಲಿಸ್.

"ಸರಿ, ಹುಷಾರು" ಎನ್ನುತ್ತಾಳೆ ಇವಳು.

ಮಾರ್ಲಿಸ್ ಫೋನನ್ನು ಹಾಗೇ ಕೋಟಿನ ಜೇಬಿಗೆ ಹಾಕಿಕೊಂಡು ಇಳಿಯುತ್ತಾಳೆ, ಇವಳೂ ಇಡುವುದಿಲ್ಲ. ಒಲೆಯ ಮೇಲೆ ಏನಿದ್ದರೂ ಉರಿ ತಗ್ಗಿಸಿ, ಕಿವಿಗೆ ಹಿಡಿದುಕೊಂಡು ಕಿಟಕಿಯ ಬಳಿ ನಿಂತಿರುತ್ತಾಳೆ. ಆ ಕಡೆಯಿಂದ ಬೂಟಿನ ಸದ್ದು, ಏದುಸಿರು, ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. "ಮೇಲೆ ಬಂದೆ" ಎಂದು ಮಾರ್ಲಿಸ್ ಹೇಳುವವರೆಗೂ ಇವಳು ಅಲ್ಲಿಂದ ಕದಲುವುದಿಲ್ಲ.