ಹರಕೆಯ ವಾನ್‌ಕೋಳಿ

ಹೋದ ವಾರ ಮಾವನಲ್ಲ ಎಂಬ ಕಾಡಂಚಿನ ಊರಿನ ಬಸ್ ಸ್ಟಾಪಿನಲ್ಲಿ ದೊಡ್ಡಮ್ಮನ ಜೊತೆ ಕೂತಿದ್ದೆ. ಜೀಪೊಂದು ಹಾರ್ನ್ ಹೊಡೆದದ್ದೇ ತಡ, ಎದುರಿನ ರೆಸಾರ್ಟಿನ ಬೇಲಿಯಾಚೆಯಿಂದ ‘ಗುಳುಗುಳುಗುಳು’ ಎಂದು ಉತ್ತರ ಬಂತು. ಟರ್ಕಿ ಕೋಳಿ ಕೂಗುವುದನ್ನು ನೀವು ಕೇಳಿದ್ದೀರೋ ಇಲ್ಲವೋ. ಯಾರೋ ಬಾಯಿ ತುಂಬ ನೀರಿಟ್ಟುಕೊಂಡೇ ಜಗಳಕ್ಕೆ ನಿಂತ ಹಾಗಿರುತ್ತದೆ. ನಗು ಬರಬೇಕಾದ ಸದ್ದು. ನಾನು ಮಾತ್ರ ದೊಡ್ಡಮ್ಮನ ಮುಖ ತಪ್ಪಿಸಿ ರಸ್ತೆಯ ಕಡೆ ತಿರುಗಿ ಕೂತೆ.

ನಮ್ಮ ಕಡೆ ಅದನ್ನು ತಮಿಳಿನವರಂತೆ ವಾನ್‌ಕೋಳಿ ಎನ್ನುತ್ತೇವೆ. ನಾನು ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ನಡುವಟ್ಟಂ ಎಸ್ಟೇಟಿನ ಮ್ಯಾನೇಜರೊಬ್ಬರು ವರ್ಗವಾಗಿ ಹೋಗುವಾಗ, ತರಕಾರಿ ಕೊಡಲು ಹೋಗುತ್ತಿದ್ದ ದೊಡ್ಡಪ್ಪನ ಕೈಗೆ ತಾವು ಸಾಕಿದ್ದ ವಾನ್‌ಕೋಳಿ ಹುಂಜವನ್ನು ಕೊಟ್ಟುಬಿಟ್ಟರು. ದೊಡ್ಡಪ್ಪ ಬೇಡ ಎನ್ನಲು ಬಾರದ ಮನುಷ್ಯ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಊರು ತಲುಪಿದರು.

ಅದೇ ಮಾಗಿಯಲ್ಲಿ ಅವರಿಗೆ ಜ್ವರ ಹಿಡಿಯಿತು. ಹದಿನೈದು ದಿನವಾದರೂ ಬಿಡದಿದ್ದಾಗ ದೊಡ್ಡಮ್ಮ ಮಾರಮ್ಮನಿಗೆ ಕೈ ಮುಗಿದು, ಯುಗಾದಿಯೊಳಗೆ ಅಂಗಳದ ದೊಡ್ಡ ಕೋಳಿಯನ್ನು ಒಪ್ಪಿಸುತ್ತೇನೆಂದು ಹರಕೆ ಹೊತ್ತಳು. ಅವಳ ಮನಸ್ಸಿನಲ್ಲಿದ್ದದ್ದು ನಮ್ಮ ಕೆಂಪು ಹುಂಜ. ಆದರೆ ಆಗ ಅಂಗಳದಲ್ಲಿ ಅದಕ್ಕಿಂತ ಮೂರು ಪಟ್ಟು ದೊಡ್ಡದೊಂದು ಬಾಲ ಬಿಚ್ಚಿ ತಿರುಗುತ್ತಿತ್ತು. ಜ್ವರ ಇಳಿಯಿತು. ದೊಡ್ಡಪ್ಪ ಎದ್ದು ಕೂತವರೇ, “ಅದು ಕೋಳೀನೇ ಅಲ್ಲ ಕಣೇ, ಕೆಂಪು ಹುಂಜಾನೇ ಕೊಡು” ಅಂದರು.

“ರೆಕ್ಕೆ ಇದೆ, ಕೊಕ್ಕಿದೆ, ಎರಡು ಕಾಲಿದೆ. ಅಮ್ಮನ ಮುಂದೆ ಮಾತು ತಿರುಗಿಸ್ಲಾ? ಆಮೇಲೆ ನಿಮಗೇ ಏನಾದ್ರೂ ಆದ್ರೆ?”

ಈ ವಾದ ಮುಗಿಯುವ ಮೊದಲೇ ವಾನ್‌ಕೋಳಿ ಬೇಲಿ ಹಾರಿ, ಹೊಲದಾಚೆಯ ಕಾಡಿನ ಲಂಟಾನ ಪೊದೆ ಸೇರಿತು. ದೊಡ್ಡಮ್ಮ ಕೆಂಪು ಹುಂಜಕ್ಕೆ ಒಪ್ಪಲೇ ಇಲ್ಲ, ಅದನ್ನೇ ಹಿಡಿದು ತರಬೇಕಾಯಿತು. ಸಾಕಿದ ಪ್ರಾಣಿ ಕಾಡಿಗೆ ಹೋದರೆ ಅದು ಯಾರದ್ದು ಎಂದು ಕಾಡು ಕಾಯುವ ವಾಚರನನ್ನು ಕೇಳಿದೆವು. ಅವನು ಬಹಳ ಹೊತ್ತು ತಲೆ ಕೆರೆದುಕೊಂಡ. “ಗೊತ್ತಿಲ್ಲಣ್ಣಾ, ಮೇಲಿನವ್ರನ್ನ ಕೇಳ್ಬೇಕು. ನೀವು ಮಾತ್ರ ಒಳಗೆ ಕಾಲಿಡ್ಬೇಡಿ, ಆನೆ ನಿಂತಿದೆ.”

ದೊಡ್ಡಪ್ಪ ಹರೆಯದಲ್ಲಿ ಕಾಡುಕೋಳಿ ಹಿಡಿಯುವುದರಲ್ಲಿ ಹೆಸರು ಮಾಡಿದವರು. ಮುತ್ತುಗ ಹೂ ಬಿಡುವ ಹೊತ್ತಿಗೆ ಹುಂಜಗಳಿಗೆ ಮದವೇರುತ್ತದೆ. ಪೊದೆಯ ಮರೆಯಲ್ಲಿ ಕೂತು ಎದುರಾಳಿ ಹುಂಜದಂತೆ ಕೂಗಿದರೆ, ಅಸಲಿ ಹುಂಜ ಕಾದಾಡಲು ಓಡಿಬಂದು ಉರುಳಿಗೆ ಬೀಳುತ್ತದೆ. ಕಾನೂನು ಬಿಗಿಯಾದ ಮೇಲೆ ಉರುಳು ಬಿಟ್ಟಿದ್ದರು. ಕಲಿತ ಗಂಟಲು ಎಲ್ಲಿಗೆ ಹೋಗುತ್ತದೆ? ವಾಚರನ ಮಾತನ್ನು ಗಾಳಿಗೆ ತೂರಿ, ಬೆಳಕು ಹರಿಯುತ್ತಲೇ ನನ್ನನ್ನು ಕರೆದುಕೊಂಡು ಹೋಗಿ ಕೂಗತೊಡಗಿದರು. ಮೂರು ಬೆಳಗು ಕೂಗಿದರು. ಸುತ್ತಮುತ್ತಲಿನ ಕಾಡುಕೋಳಿಗಳೆಲ್ಲ ಬಂದು ನಮ್ಮನ್ನು ನೋಡಿಹೋದವು. ವಾನ್‌ಕೋಳಿ ಕ್ಯಾರೇ ಅನ್ನಲಿಲ್ಲ.

ನಾಲ್ಕನೆಯ ದಿನ ದೊಡ್ಡಪ್ಪನಿಗೆ ಕೆಮ್ಮು ಬಂತು. ಕೆಮ್ಮಿದ ಕೂಡಲೇ ‘ಗುಳುಗುಳು’ ಎಂದಿತು. ಇನ್ನೊಮ್ಮೆ ಕೆಮ್ಮಿದರೆ ಇನ್ನೊಮ್ಮೆ. ಇಷ್ಟು ಸುಲಭವೇ ಎಂದು ನಾವು ಹಿಗ್ಗುವಷ್ಟರಲ್ಲಿ ಕೊಂಬೆಯೊಂದು ಲಟ್ಟೆಂದಿತು. ಹಕ್ಕಿ ಅದಕ್ಕೂ ಓಗೊಟ್ಟಿತು. ತಿರುಗಿ ನೋಡಿದರೆ ಆನೆ. ಓಡಲಾರದ ದೊಡ್ಡಪ್ಪನನ್ನು ಹೇಗೆ ಎಳೆದು ತಂದೆನೋ ನನಗೇ ಗೊತ್ತಿಲ್ಲ. ಜಗಲಿಯಲ್ಲಿ ಏದುಸಿರು ಬಿಡುತ್ತಾ ಅವರು ಹೇಳಿದ್ದು ಒಂದೇ ಮಾತು: “ನಾಳೆ ಬೇಗ ಹೋಗೋಣ.”

ಮರುದಿನ ಅವರು ಏಳುವ ಮೊದಲೇ ನಾನೊಬ್ಬನೇ ಹೋದೆ. ಕೆಮ್ಮಿದೆ. ಹಕ್ಕಿ ಮದುಮಗನಂತೆ ಎದೆಯುಬ್ಬಿಸಿಕೊಂಡು ನೇರವಾಗಿ ನನ್ನ ಮುಂದೆಯೇ ಬಂತು. ಹಾರಿದೆ. ಹೊಟ್ಟೆಯಡಿಯಾಗಿ ಮಣ್ಣಿಗೆ ಬಿದ್ದೆ. ಕೈಯಲ್ಲಿ ಉಳಿದದ್ದು ಮೂರು ಗರಿ. ವಾಪಸು ಬಂದರೆ ದೊಡ್ಡಪ್ಪ ತಲೆಗೆ ಟವಲ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಕಾಲು ನಡುಗುತ್ತಿದೆ. ಯೋಚಿಸಿ ಹೇಳಿದ ಸುಳ್ಳಲ್ಲ, ತಾನಾಗಿ ಬಾಯಿಂದ ಬಿತ್ತು: “ಚಿರತೆ ತಿಂದಿದೆ ದೊಡ್ಡಪ್ಪಾ. ಇಷ್ಟೇ ಸಿಕ್ಕಿದ್ದು.”

ದೊಡ್ಡಮ್ಮ ಗರಿಗಳನ್ನು ಕಣ್ಣಿಗೊತ್ತಿಕೊಂಡಳು. “ಅಮ್ಮ ತಾನೇ ಬಂದು ತಗೊಂಡ್ಲು.” ಹರಕೆ ತೀರಿತು.

ಆದರೆ ಆ ಹಾಳು ಹಕ್ಕಿ ಇನ್ನೂ ಒಂದು ತಿಂಗಳು ಪೊದೆಯಲ್ಲೇ ಇತ್ತು. ಬೆಳಗಿನ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದಾಗಲೆಲ್ಲ ಕೂಗುತ್ತಿತ್ತು. ನಾನು ಓಡಿಹೋಗಿ ರೇಡಿಯೋ ಜೋರು ಮಾಡುತ್ತಿದ್ದೆ. ದೂರದ ಸದ್ದಿಗೆ ದೊಡ್ಡಪ್ಪನ ಕಿವಿ ಮಂದವಾಗಿದ್ದದ್ದು ನನ್ನ ಪುಣ್ಯ. ಆಮೇಲೆ ಒಂದು ದಿನ ಕೂಗು ನಿಂತಿತು. ನಿಜವಾಗಿಯೂ ಚಿರತೆ ತಿಂದಿತೇನೋ. ತಿಂದಿದ್ದರೆ, ತಡವಾಗಿ ನಿಜವಾದ ಸುಳ್ಳಿಗೆ ಮಾಫಿ ಇದೆಯೋ ಇಲ್ಲವೋ, ಯಾರನ್ನು ಕೇಳುವುದು?

ಮೂರು ವರ್ಷದ ಮೇಲೆ ದೊಡ್ಡಪ್ಪನಿಗೆ ಮತ್ತೆ ಜ್ವರ ಬಂತು. ಈ ಸಲ ಇಳಿಯಲಿಲ್ಲ. ಶ್ವಾಸಕೋಶ ಕೆಟ್ಟಿತ್ತು ಎಂದರು ಡಾಕ್ಟರು. ನಾನು ತಲೆಯಾಡಿಸಿದೆ, ನಂಬಲಿಲ್ಲ; ತೀರದ ಹರಕೆಯೇ ಮನಸ್ಸಿನಲ್ಲಿತ್ತು. ಇಂದಿಗೂ ಪೂರ್ತಿ ನಂಬಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ಬಸ್ ಸ್ಟಾಪಿನಲ್ಲಿ ದೊಡ್ಡಮ್ಮ ರೆಸಾರ್ಟಿನ ಬೇಲಿಯನ್ನೇ ನೋಡುತ್ತಿದ್ದಳು.

“ನೀನು ಗರಿ ತಂದ್ಯಲ್ಲ, ಆವತ್ತು ಅದು ಸತ್ತಿರ್ಲಿಲ್ಲ ಅಲ್ವೇನೋ?”

ಅವಳ ಕಡೆ ತಿರುಗಿದೆ. “ನಿಂಗೆ ಗೊತ್ತಿತ್ತಾ?”

“ಮಾರನೇ ದಿನಾನೇ ಕೂಗ್ತಲ್ಲ. ಕೇಳಿಸಿದ್ರೆ ಅವ್ರು ಮತ್ತೆ ಆನೆ ಮುಂದೆ ಹೋಗಿ ನಿಲ್ತಿದ್ರು. ಅದಕ್ಕೇ ಬೆಳಗ್ಗೆ ಬೆಳಗ್ಗೆ ಬರೀ ಒರಳು ಕುಟ್ತಿದ್ದೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಒಂದು ಮಾತ್ರ ನಂಗಿನ್ನೂ ತಿಳೀತಿಲ್ಲ ಕಣೋ. ಆಮೇಲೆ ಅವ್ರು ಬದುಕಿದ ಮೂರು ವರ್ಷ ಮಾರಮ್ಮ ಕೊಟ್ಟಿದ್ದೋ, ನಾನು ಕದ್ದಿದ್ದೋ.”

ಬಸ್ಸು ಬಂತು. ಕೈ ಹಿಡಿದು ಅವಳನ್ನು ಹತ್ತಿಸುತ್ತಾ, “ಕದ್ದಿದ್ರೆ ಅದರಲ್ಲಿ ಅರ್ಧ ನಂದು ದೊಡ್ಡಮ್ಮಾ” ಎಂದೆ. ಸೀಟು ಸಿಕ್ಕಿದ ಮೇಲೂ ಅವಳು ನನ್ನ ಕೈ ಬಿಡಲಿಲ್ಲ.